ಪದಾಂತ್ಯಲೋಪ: ಒಂದು ವ್ಯಾಕರಣ ಪರಿಕಲ್ಪನೆಯ ಮರುಪರಿಶೀಲನೆ

ಕನ್ನಡ ವ್ಯಾಕರಣವನ್ನು ಕುರಿತ ಬರವಣಿಗೆಯಲ್ಲಿ ‘ಲೋಪ’ ಎಂಬ ಪದದಷ್ಟು ನಿರಾಯಾಸವಾಗಿ ಬಳಕೆಯಾಗುವ, ಆದರೆ ಅಷ್ಟೇ ಕಡಮೆ ಪರೀಕ್ಷೆಗೆ ಒಳಗಾಗಿರುವ ಪಾರಿಭಾಷಿಕ ಪದಗಳು ವಿರಳ. ಪದದ ಕೊನೆಯ ಧ್ವನಿಯೋ ಅಕ್ಷರವೋ ಬಿಟ್ಟುಹೋಗಿ ಪದವು ಮೊಟಕಾಗುವುದನ್ನು ಶಾಲೆಯ ವ್ಯಾಕರಣವೂ ಭಾಷಾಚರಿತ್ರೆಯೂ ಗ್ರಂಥಸಂಪಾದನೆಯೂ ಸಾಹಿತ್ಯವಿಮರ್ಶೆಯೂ ಇದೇ ಹೆಸರಿನಿಂದ ಕರೆಯುತ್ತ ಬಂದಿವೆ. ಆದರೆ ಈ ನಾಲ್ಕು ಕ್ಷೇತ್ರಗಳು ಒಂದೇ ಸಂಗತಿಯನ್ನು ಕುರಿತು ಮಾತನಾಡುತ್ತಿವೆಯೇ ಎಂಬ ಪ್ರಶ್ನೆ ಉಳಿದುಕೊಂಡಿದೆ. ಲೋಪವೆಂದರೆ ಕಾಣಿಸದಿರುವಿಕೆ ಎಂಬುದು ಪಾಣಿನಿಯ ವ್ಯಾಖ್ಯೆಯ ತಾತ್ಪರ್ಯ. ಇದು ಎಚ್ಚರದ ವ್ಯಾಖ್ಯೆ. ಯಾವುದೋ ಒಂದು ಧ್ವನಿ ನಾಶವಾಯಿತೆಂದು ಅದು ಹೇಳುವುದಿಲ್ಲ. ಇರಬೇಕಾಗಿದ್ದ ಎಡೆಯಲ್ಲಿ ಅದು ಕಾಣಿಸುತ್ತಿಲ್ಲವೆಂದಷ್ಟೇ ಹೇಳುತ್ತದೆ. ‘ಇರಬೇಕಾಗಿದ್ದ’ ಎಂಬ ನಿರೀಕ್ಷೆ ಎಲ್ಲಿಂದ ಬಂತು, ಯಾವ ರೂಪವನ್ನು ಪೂರ್ಣವೆಂದು ಮೊದಲೇ ಒಪ್ಪಿಕೊಂಡಿದ್ದೇವೆ ಎಂಬುದರ ಮೇಲೆ ಲೋಪದ ನಿರ್ಣಯ ನಿಂತಿದೆ. ಕನ್ನಡದ ಮಟ್ಟಿಗೆ ಈ ನಿರೀಕ್ಷೆಯು ಬಹುಪಾಲು ಹೊಸಗನ್ನಡದ ಬರಹರೂಪದಿಂದ ಬಂದದ್ದು. ಅದರಿಂದ ಕಾವ್ಯಪಾಠಗಳ ಓದಿನಲ್ಲಿಯೂ ಉಪಭಾಷೆಯ ಸಾಹಿತ್ಯದ ಮೌಲ್ಯಮಾಪನದಲ್ಲಿಯೂ ಆಗಿರುವ ತೊಡಕುಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಎಲ್ಲರಿಗೂ ಪರಿಚಿತವಾದ ಉದಾಹರಣೆಯನ್ನೇ ನೋಡಬಹುದು. ‘ಊರು’ ಮತ್ತು ‘ಅಲ್ಲಿ’ ಸೇರಿದಾಗ ‘ಊರಲ್ಲಿ’ ಆಗುತ್ತದೆ. ಪೂರ್ವಪದದ ಕೊನೆಯ ಉಕಾರ ಲೋಪವಾಗಿರುವುದರಿಂದ ಇದು ಲೋಪಸಂಧಿ ಎಂದು ಪಠ್ಯಪುಸ್ತಕಗಳು ಬೋಧಿಸುತ್ತವೆ. ಹೊಸಗನ್ನಡದ ಬರಹರೂಪವನ್ನು ಆಧಾರವಾಗಿಟ್ಟುಕೊಂಡರೆ ಈ ವಿವರಣೆಯಲ್ಲಿ ದೋಷವಿಲ್ಲ. ಆದರೆ ೧೩ನೆಯ ಶತಮಾನದ ಕೇಶಿರಾಜನಿಗೆ ಈ ಪದ ‘ಊರ್’ ಎಂಬ ವ್ಯಂಜನಾಂತ. ಅದಕ್ಕೆ ಸ್ವರಾದಿಯಾದ ಪ್ರತ್ಯಯ ಸೇರಿದರೆ ವ್ಯಂಜನವೂ ಸ್ವರವೂ ಕೂಡಿಕೊಳ್ಳುತ್ತವೆ, ಅಷ್ಟೆ. ಅಲ್ಲಿ ಬಿಟ್ಟುಹೋಗುವುದಕ್ಕೆ ಏನೂ ಇಲ್ಲ. ಒಂದೇ ‘ಊರಲ್ಲಿ’ ಎಂಬ ರೂಪ ಒಂದು ವ್ಯಾಕರಣದಲ್ಲಿ ನಷ್ಟದ ಫಲ, ಇನ್ನೊಂದರಲ್ಲಿ ಕೇವಲ ಕೂಡಿಕೆ. ‘ಬೇರೊಬ್ಬ’ ಎಂಬಲ್ಲಿ ‘ಬೇರೆ’ಯ ಎಕಾರ ನಿಜವಾಗಿಯೂ ಬಿಟ್ಟುಹೋಗಿದೆ. ಈ ಎರಡು ಬೇರೆಬೇರೆ ಸಂಗತಿಗಳನ್ನು ಒಂದೇ ಸೂತ್ರದಡಿ ತಂದದ್ದು ಬೋಧನೆಯ ಅನುಕೂಲಕ್ಕಾಗಿ ಇರಬಹುದು. ಭಾಷಾಚರಿತ್ರೆಯ ಅರಿವಿಗೆ ಮಾತ್ರ ಅದು ಸಹಾಯಕವಲ್ಲ.

ಹಳಗನ್ನಡದ ನಾಮಪದಗಳಲ್ಲಿ ಬಹಳಷ್ಟು ವ್ಯಂಜನಾಂತಗಳು. ಕಾಲ್, ಪಾಲ್, ಬಾಯ್, ನೀರ್, ಕಣ್, ಮಣ್, ಕಲ್, ಬಿಲ್, ಪೆಣ್ ಮುಂತಾದವು ಇದಕ್ಕೆ ನಿದರ್ಶನ. ಎ.ಎನ್. ನರಸಿಂಹಯ್ಯನವರು ೧೯೪೧ರಲ್ಲಿಯೂ ಜಿ.ಎಸ್. ಗಾಯಿಯವರು ೧೯೪೬ರಲ್ಲಿಯೂ ಪ್ರಕಟಿಸಿದ ಶಾಸನಭಾಷೆಯ ವ್ಯಾಕರಣಗಳು ಪ್ರಾಚೀನ ರೂಪಗಳ ಅಧ್ಯಯನಕ್ಕೆ ಇಂದಿಗೂ ಆಧಾರಗ್ರಂಥಗಳಾಗಿವೆ. ಮುಂದೆ ಈ ಪದಗಳಲ್ಲಿ ಬಹುಪಾಲಿಗೆ ಉಕಾರ ಸೇರಿ ಅವು ಸ್ವರಾಂತಗಳಾದವು. ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವನ್ನು ೧೮೫೬ರಲ್ಲಿ ಹೊರತಂದ ಕಾಲ್ಡ್‌ವೆಲ್ ಈ ಉಕಾರವನ್ನು ಉಚ್ಚಾರಣೆಯ ನೆರವಿಗಾಗಿ ಬಂದ ಸ್ವರವೆಂದು ವಿವೇಚಿಸಿದ್ದಾನೆ. ಸೇರುವ ಕ್ರಮದಲ್ಲಿ ಒಂದು ನಿಯಮವೂ ಇದೆ. ಏಕಾಕ್ಷರದ ಪದದಲ್ಲಿ ಸ್ವರ ದೀರ್ಘವಾಗಿದ್ದರೆ ಉಕಾರ ಮಾತ್ರ ಸೇರುತ್ತದೆ: ಕಾಲ್–ಕಾಲು, ನೀರ್–ನೀರು. ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿಸುತ್ತದೆ: ಕಣ್–ಕಣ್ಣು, ಕಲ್–ಕಲ್ಲು, ಪೆಣ್–ಹೆಣ್ಣು. ಈ ನಿಯಮ ಇನ್ನೂ ಜೀವಂತವಾಗಿದೆಯೆಂಬುದಕ್ಕೆ ಇಂಗ್ಲಿಷಿನಿಂದ ಬಂದ ಪದಗಳೇ ಸಾಕ್ಷಿ. ಕಾರ್ ‘ಕಾರು’ ಆಯಿತು, ಫೋನ್ ‘ಫೋನು’ ಆಯಿತು. ಪೆನ್ ಮಾತ್ರ ‘ಪೆನ್ನು’, ಬಸ್ ‘ಬಸ್ಸು’. ಸಾವಿರ ವರ್ಷಗಳ ಅಂತರದಲ್ಲಿ ಭಾಷೆ ಅದೇ ಕೆಲಸವನ್ನು ಅದೇ ರೀತಿಯಲ್ಲಿ ಮಾಡಿದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂದು ‘ಪೆನ್’ ಎಂದೂ ‘ಪೆನ್ನು’ ಎಂದೂ ಎರಡು ಬಗೆಯಲ್ಲಿ ಹೇಳುತ್ತೇವೆ. ‘ಪೆನ್’ ಎಂದವನನ್ನು ‘ಪೆನ್ನು’ವಿನ ಕೊನೆಯನ್ನು ನುಂಗಿದನೆಂದು ಯಾರೂ ಆಕ್ಷೇಪಿಸುವುದಿಲ್ಲ. ‘ಕಾಲ್ ನೋಯ್ತದೆ’ ಎಂದವನ ಮೇಲೆ ಮಾತ್ರ ಆ ಆಕ್ಷೇಪ. ಮೂಲರೂಪ ಯಾವುದೆಂಬ ತಿಳಿವಳಿಕೆ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ, ವ್ಯತ್ಯಾಸ ಅಷ್ಟೇ.

ಹಾಗೆಂದು ಇದಕ್ಕೆ ವಿರುದ್ಧ ದಿಕ್ಕಿನ ಅತಿರೇಕಕ್ಕೂ ಹೋಗಬಾರದು. ಹಳ್ಳಿಗನ ಬಾಯಲ್ಲಿ ‘ಕಾಲ್’, ‘ನೀರ್’ ಎಂಬ ರೂಪಗಳನ್ನು ಕೇಳಿದೊಡನೆ ಹಳಗನ್ನಡವೇ ಅಲ್ಲಿ ಉಳಿದುಬಂದಿದೆಯೆಂದು ಸಂಭ್ರಮಿಸುವ ಬರಹಗಳು ನಮ್ಮಲ್ಲಿ ಉಂಟು. ದೀರ್ಘಸ್ವರದ ಪದಗಳು ಈ ವಿಷಯದಲ್ಲಿ ಯಾವ ಸಾಕ್ಷ್ಯವನ್ನೂ ಕೊಡಲಾರವು, ಏಕೆಂದರೆ ಉಳಿದುಬಂದ ‘ಕಾಲ್’ ಮತ್ತು ಉಕಾರ ಬಿಟ್ಟ ‘ಕಾಲ್’ ಕಿವಿಗೆ ಒಂದೇ. ಹ್ರಸ್ವಸ್ವರದ ಪದಗಳನ್ನು ಕೇಳಬೇಕು. ಆಡುಮಾತು ಹಳೆಯ ರೂಪವನ್ನೇ ಉಳಿಸಿಕೊಂಡಿದ್ದರೆ ಬಿಡಿಪದವಾಗಿ ‘ಕಣ್’, ‘ಹಲ್’ ಎಂಬ ಉಚ್ಚಾರಣೆ ಇರಬೇಕಾಗಿತ್ತು. ಸಾಮಾನ್ಯವಾಗಿ ಕೇಳಿಬರುವುದು ಇಮ್ಮಡಿ ವ್ಯಂಜನದ ‘ಕಣ್ಣು’, ‘ಹಲ್ಲು’. ಕೊನೆಯ ಸ್ವರ ಕ್ಷೀಣಿಸಿದಾಗಲೂ ಇಮ್ಮಡಿತನದ ಒತ್ತು ಅಲ್ಲಿರುತ್ತದೆ. ಇಮ್ಮಡಿಸಿದ್ದು ಉಕಾರ ಬಂದದ್ದರ ಗುರುತು. ಆದ್ದರಿಂದ ಆಡುಮಾತಿನ ಈ ಹ್ರಸ್ವರೂಪಗಳು ಉಕಾರಾಂತ ಘಟ್ಟವನ್ನು ದಾಟಿ ಬಂದವೇ ಹೊರತು ಅದಕ್ಕೂ ಹಿಂದಿನ ಅವಶೇಷಗಳಲ್ಲ. ನಿಜವಾದ ಅವಶೇಷಗಳಿರುವುದು ಸಮಾಸಗಳಲ್ಲಿ: ಕಣ್ಣೀರು, ಕಣ್ಮಣಿ, ಕಾಲ್ನಡಿಗೆ, ಬಾಯ್ಮಾತು. ಅಲ್ಲಿ ಪೂರ್ವಪದ ಉಕಾರವನ್ನು ಪಡೆಯಲೇ ಇಲ್ಲ. ‘ಕಣ್ಣು’ ಎಂಬುದರಲ್ಲಿ ಕೊನೆಯ ಅಕ್ಷರ ಲೋಪವಾಗಿ ‘ಕಣ್ಮಣಿ’ ಆಯಿತೆಂದು ವಿವರಿಸುವುದು ಮಗನಿಂದ ತಂದೆ ಹುಟ್ಟಿದನೆಂದಂತೆ.

ನೆರೆಯ ಭಾಷೆಗಳು ಈ ಪದಾಂತ್ಯದ ಸ್ವರದ ಬಗೆಗೆ ನಮಗಿಂತ ಸೂಕ್ಷ್ಮವಾದ ಪರಿಭಾಷೆಯನ್ನು ಬೆಳೆಸಿಕೊಂಡಿವೆ. ತಮಿಳಿನ ತೊಲ್ಕಾಪ್ಪಿಯಂ ಇಂಥ ಕುಗ್ಗಿದ ಉಕಾರವನ್ನು ಕುಱ್ಱಿಯಲುಕರಂ ಎಂದು ಪ್ರತ್ಯೇಕವಾಗಿ ಗುರುತಿಸಿ ಅದಕ್ಕೆ ಅರ್ಧಮಾತ್ರೆಯ ಬೆಲೆ ಕಟ್ಟಿದೆ. ಮಲಯಾಳಂ ಅದನ್ನು ಸಂವೃತೋಕಾರವೆಂದು ಕರೆದು ಚಂದ್ರಕ್ಕಲ ಚಿಹ್ನೆಯಿಂದ ಬರೆಯುತ್ತದೆ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವವರು ಪದಾಂತ್ಯದ ವ್ಯಂಜನಕ್ಕೆ ಪೊಲ್ಲು ಹಚ್ಚಿ ಆ ಸ್ವರವನ್ನು ಸೂಚಿಸುವ ರೂಢಿಯಿದೆ. ಕನ್ನಡದ ಛಂದಶ್ಶಾಸ್ತ್ರದಲ್ಲಾದರೋ ಉಕಾರಕ್ಕೆ ನಡುವಿನ ಸ್ಥಿತಿಯಿಲ್ಲ. ಅದು ಒಂದು ಪೂರ್ಣ ಲಘು, ಇಲ್ಲವಾದರೆ ಏನೂ ಇಲ್ಲ. ಕೇಶಿರಾಜ ಚರ್ಚಿಸುವ ಶಿಥಿಲದ್ವಿತ್ವ ಈ ವಿಷಯಕ್ಕೆ ಹತ್ತಿರದ್ದೇ ಆದರೂ ಅದು ಪದಮಧ್ಯದ ಸಂಗತಿಯಾದ್ದರಿಂದ ಇಲ್ಲಿ ಬಿಟ್ಟಿದೆ.

ಪದಾಂತ್ಯದ ಈ ಬದಲಾವಣೆ ಕೇವಲ ಉಚ್ಚಾರಣೆಯ ವಿಷಯವಾಗಿ ಉಳಿಯಲಿಲ್ಲ, ಏಕೆಂದರೆ ಕನ್ನಡದಲ್ಲಿ ವ್ಯಾಕರಣಸಂಬಂಧಗಳನ್ನು ಹೊರುವುದು ಪದದ ಕೊನೆಯೇ. ಹಳಗನ್ನಡದ ವಿಭಕ್ತಿಪ್ರತ್ಯಯಗಳನ್ನು ಸಾಲಾಗಿ ನೋಡಿದರೆ ಮ್, ಅಂ, ಇಂ, ಕೆ ಅಥವಾ ಗೆ, ಅತ್ತಣಿಂ, ಅ, ಒಳ್ ಎಂಬ ಏಳರಲ್ಲಿ ಐದು ವ್ಯಂಜನದಲ್ಲಿಯೋ ಬಿಂದುವಿನಲ್ಲಿಯೋ ಕೊನೆಗೊಳ್ಳುತ್ತವೆ. ಹೊಸಗನ್ನಡದ ಉ, ಅನ್ನು, ಇಂದ, ಗೆ ಅಥವಾ ಕೆ, ದೆಸೆಯಿಂದ, ಅ, ಅಲ್ಲಿ ಎಂಬ ಸಾಲಿನಲ್ಲಿ ಹಾಗೆ ಕೊನೆಗೊಳ್ಳುವ ಒಂದೂ ಇಲ್ಲ. ಈ ಎರಡು ಸಾಲುಗಳ ನಡುವೆ ನಡೆದದ್ದು ಒಂದೇ ಬಗೆಯ ಬದಲಾವಣೆಯಲ್ಲ. ಕೆಲವೆಡೆ ಬಿಂದು ಬಿಟ್ಟುಹೋಯಿತು: ಮರಂ ಎಂಬುದು ‘ಮರ’ವಾಯಿತು. ಕೆಲವೆಡೆ ಬಿಂದುವಿನ ನಕಾರಕ್ಕೆ ಉಕಾರ ಸೇರಿತು: ಅರಸಂ ಎಂಬುದು ‘ಅರಸನು’ ಆಯಿತು. ಆಮೇಲೆ ಆ ‘ನು’ ಕೂಡ ಬಿಟ್ಟು ‘ಅರಸ’ ಎಂದೂ ಆಯಿತು. ಪ್ರಥಮಾ ವಿಭಕ್ತಿಯ ಪ್ರತ್ಯಯ ‘ಉ’ ಎಂದು ಮಕ್ಕಳಿಗೆ ಕಲಿಸುತ್ತೇವಲ್ಲ, ಅದರ ಚರಿತ್ರೆ ವಿಚಿತ್ರವಾದದ್ದು. ಉಚ್ಚಾರಣೆಯ ನೆರವಿಗೆ ಬಂದ ಸ್ವರವೊಂದು ಮೊದಲು ಪದದ ಭಾಗವಾಗಿ, ಆಮೇಲೆ ಪ್ರತ್ಯಯದ ಪದವಿಯನ್ನೇ ಪಡೆಯಿತು. ‘ರಾಮ ಬಂದ’ ಎಂದರೆ ಪ್ರತ್ಯಯ ಲೋಪವಾಗಿದೆ ಎನ್ನುವ ವಿವರಣೆ ಈ ಪದವಿಯನ್ನು ಪ್ರಶ್ನಿಸದೆ ಒಪ್ಪಿಕೊಂಡದ್ದರ ಫಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ೨೦೦೦ದಲ್ಲಿ ಅದೇ ಆಶಯದ ಹೆಸರಿನ ಗ್ರಂಥದಲ್ಲಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಅವರ ಎಲ್ಲ ನಿಲುವುಗಳನ್ನೂ ಒಪ್ಪದವರು ಕೂಡ ಈ ಬಗೆಯ ವಿವರಣೆಗಳ ಮಟ್ಟಿಗೆ ಆ ಒತ್ತಾಯದ ಅಗತ್ಯವನ್ನು ಅಲ್ಲಗಳೆಯಲಾರರು.

ನಾಮಪದಕ್ಕಿಂತ ಕ್ರಿಯಾಪದದಲ್ಲಿ ನಷ್ಟ ಹೆಚ್ಚು. ಹಳಗನ್ನಡದಲ್ಲಿ ‘ಮಾಡಿದಂ’ ಎಂದರೆ ಅವನು ಮಾಡಿದನು. ‘ಮಾಡಿದ’ ಎಂದರೆ ಮುಂದೆ ಒಂದು ನಾಮಪದವನ್ನು ಬಯಸುವ ಕೃದಂತ. ಬಿಂದುವೊಂದೇ ಇವೆರಡನ್ನು ಬೇರ್ಪಡಿಸುತ್ತಿತ್ತು. ಬಿಂದುವೂ ಅದರ ಜಾಗಕ್ಕೆ ಬಂದ ‘ನು’ವೂ ಬಿಟ್ಟುಹೋದ ಮೇಲೆ ‘ಹುಡುಗ ಬಂದ’ ಮತ್ತು ‘ಬಂದ ಹುಡುಗ’ ಎಂಬಲ್ಲಿ ಅರ್ಥವನ್ನು ಕಾಯುವುದು ಪದಗಳ ಅನುಕ್ರಮ ಮಾತ್ರ. ಉತ್ತಮಪುರುಷದ ಕಥೆಯೂ ಇದೇ. ಎಂ ಮತ್ತು ಅಯ್ ಎಂದು ಬೇರೆಯಾಗಿದ್ದ ಪ್ರತ್ಯಯಗಳಲ್ಲಿ ಮೊದಲನೆಯದು ‘ಎನು’ ಆಗಿ, ಕೊನೆಯನ್ನು ಕಳೆದುಕೊಂಡು ‘ಎ’ ಆಯಿತು. ಎರಡನೆಯದೂ ‘ಎ’ ಆಗಿ ನಿಂತಿತು. ಹೀಗಾಗಿ ‘ಮಾಡಿದೆ’ ಎಂದಷ್ಟೇ ಹೇಳಿದರೆ ಮಾಡಿದವನು ನಾನೋ ನೀನೋ ಗೊತ್ತಾಗುವುದಿಲ್ಲ. ವರ್ತಮಾನದಲ್ಲಿ ‘ಮಾಡುತ್ತೇನೆ’, ‘ಮಾಡುತ್ತೀಯೆ’ ಎಂಬ ಭೇದ ಉಳಿದಿದೆ, ಭೂತಕಾಲದಲ್ಲಿ ಅಳಿದಿದೆ. ಧಾರವಾಡದ ಕಡೆಯ ಮಾತು ‘ನೀ ಮಾಡಿದಿ’ ಎಂದು ಇಕಾರದಿಂದ ಭೇದವನ್ನು ಕಾಪಾಡಿಕೊಂಡಿರುವುದು ಗಮನಾರ್ಹ. ಶಿಷ್ಟವೆನಿಸಿದ ಬರಹರೂಪ ಕಳೆದುಕೊಂಡದ್ದನ್ನು ಅಶಿಷ್ಟವೆನಿಸಿದ ಮಾತು ಉಳಿಸಿಕೊಂಡಿರುವ ಇಂಥ ಉದಾಹರಣೆಗಳು ನಮ್ಮ ಚರ್ಚೆಗಳಲ್ಲಿ ಬರುವುದು ಕಡಮೆ.

ಪದಾಂತ್ಯದ ಧ್ವನಿ ಇತ್ತೋ ಇಲ್ಲವೋ ಎಂಬುದನ್ನು ಪ್ರಾಚೀನ ಕಾವ್ಯಗಳಲ್ಲಿ ನಿರ್ಣಯಿಸುವುದಕ್ಕೆ ನಮಗಿರುವ ಅತ್ಯಂತ ವಿಶ್ವಸನೀಯ ಸಾಧನ ಛಂದಸ್ಸು. ‘ಕಾಲ್ಗಳ್’ ಎಂಬುದರಲ್ಲಿ ಎರಡು ಗುರುಗಳು, ನಾಲ್ಕು ಮಾತ್ರೆಗಳು. ಕಂದಪದ್ಯದ ಒಂದು ಗಣಕ್ಕೆ ಅದು ಸರಿಯಾಗಿ ಹೊಂದುತ್ತದೆ. ನಂತರದ ಕಾಲದ ಲಿಪಿಕಾರ ತನ್ನ ನಾಲಗೆಯ ರೂಢಿಗೆ ಒಲಿದು ಅದನ್ನು ‘ಕಾಲುಗಳು’ ಎಂದು ಬರೆದರೆ ಐದು ಮಾತ್ರೆಗಳಾಗಿ ಗಣ ಒಡೆಯುತ್ತದೆ, ಸಂಪಾದಕನಿಗೆ ತಪ್ಪು ಕೂಡಲೇ ಕಾಣುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ೧೯೬೪ರಲ್ಲಿ ಪ್ರಕಟವಾದ ಮೇಲೆ ಇಂಥ ಆಂತರಿಕ ಪ್ರಮಾಣಗಳ ಬಳಕೆ ನಮ್ಮ ವಿದ್ವತ್ತಿನಲ್ಲಿ ಶಿಸ್ತಾಗಿ ನೆಲೆಗೊಂಡಿದೆ. ಆದರೆ ಈ ಕಾವಲಿಗೂ ಮಿತಿಗಳಿವೆ. ಮುಂದೆ ಸ್ವರ ಬಂದಾಗ ‘ಕಾಲ್’ ಮತ್ತು ‘ಕಾಲು’ ಎರಡೂ ಒಂದೇ ರೂಪ ತಾಳುವುದರಿಂದ ಅಲ್ಲಿ ಮಾತ್ರೆಗಳ ಎಣಿಕೆ ಏನನ್ನೂ ಹೇಳುವುದಿಲ್ಲ. ಪಾದಾಂತ್ಯದ ಲಘುವನ್ನು ಗುರುವೆಂದು ಎಣಿಸಲು ಅವಕಾಶವಿರುವುದರಿಂದ ಅಂಥ ಕಡೆ ‘ಬಂದ’ ಎಂದಿದ್ದರೂ ‘ಬಂದಂ’ ಎಂದಿದ್ದರೂ ಛಂದಸ್ಸು ಸುಮ್ಮನಿರುತ್ತದೆ. ಪದಾಂತ್ಯದ ಬಿಂದು ಅತ್ಯಂತ ದುರ್ಬಲವಾಗಿರುವ ಎಡೆಯಲ್ಲಿಯೇ ಛಂದಸ್ಸು ಕಾವಲು ಬಿಟ್ಟಿದೆ.

ಷಟ್ಪದಿಯ ಕಾಲಕ್ಕೆ ಈ ಸಂಗತಿ ಹೊಸ ತಿರುವು ಪಡೆಯಿತು. ನಡುಗನ್ನಡದ ಕವಿಯ ಮುಂದೆ ಒಂದೇ ಅರ್ಥದ ಹಲವು ಪದಾಂತ್ಯಗಳಿದ್ದವು. ಭಾಮಿನಿಯ ನಡೆ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವಂಥದು. ‘ಬಂದ’ ಮೂರು ಮಾತ್ರೆ, ‘ಬಂದನು’ ನಾಲ್ಕು. ‘ಮರವ’ ಮೂರು, ‘ಮರವನು’ ನಾಲ್ಕು. ‘ನೀ’ ಎರಡು, ‘ನೀನು’ ಮೂರು. ಯಾವ ಗಣದಲ್ಲಿ ನಿಂತಿದ್ದರೂ ಕವಿಗೆ ಅಲ್ಲಿಗೆ ಹೊಂದುವ ರೂಪ ಸಿದ್ಧವಾಗಿದೆ. ಕುಮಾರವ್ಯಾಸನ ಓಟವನ್ನು ಮೆಚ್ಚುವ ವಿಮರ್ಶಕರು ಅವನ ಪ್ರತಿಭೆಯನ್ನೂ ರೂಪಕಶಕ್ತಿಯನ್ನೂ ಕೊಂಡಾಡಿದ್ದಾರೆ, ಅದು ಯುಕ್ತವೇ. ಆ ಓಟದ ಕೆಳಗೆ ಭಾಷೆಯೇ ಒದಗಿಸಿದ ಈ ಸೌಲಭ್ಯವೂ ಇದೆಯೆಂಬುದನ್ನು ಸೇರಿಸಿಕೊಳ್ಳಬೇಕು. ಪಂಪನಿಗೆ ಪದಾಂತ್ಯದಲ್ಲಿ ಇಷ್ಟೊಂದು ಆಯ್ಕೆ ಇರಲಿಲ್ಲ. ಹಳೆಯ ಪದಾಂತ್ಯ ಸಡಿಲವಾಗಿ, ಹೊಸದು ಇನ್ನೂ ಗಟ್ಟಿಯಾಗದೆ ಇದ್ದ ಆ ನಡುವಿನ ಶತಮಾನಗಳಲ್ಲಿ ದೇಸಿ ಮಾತ್ರಾಛಂದಸ್ಸು ಹುಲುಸಾಗಿ ಬೆಳೆದದ್ದು ಕಾಕತಾಳೀಯವಾಗಿರಲಾರದೆಂದು ನನ್ನ ಅನಿಸಿಕೆ. ಮುಂದೆ ನವೋದಯದ ಕವಿಗಳು ‘ನಾ’, ‘ನೀ’, ‘ಅದ’, ‘ಮರವ’ ಮುಂತಾದ ರೂಪಗಳನ್ನು ಕಾವ್ಯಭಾಷೆಯ ಹಕ್ಕೆಂಬಂತೆ ಬಳಸಿದರು. ಅವರ ಕೈಯಲ್ಲಿ ‘ಮರವ’ ಎಂಬುದು ನಡುಗನ್ನಡ ಕಾವ್ಯದ ನೆನಪು, ‘ನಾ’ ಎಂಬುದು ನೆರೆಮನೆಯ ಮಾತು. ಗದ್ಯದಲ್ಲಿ ಒಂದೆಡೆ ಕೂಡದ ಎರಡು ಪದಾಂತ್ಯಗಳು ಪದ್ಯದಲ್ಲಿ ಒಂದೇ ಸಾಲಿಗೆ ಬಂದವು.

‘ನೀ’ ಎಂಬುದನ್ನು ಮೊಟಕು ಎನ್ನುವಾಗಲೂ ಎಚ್ಚರ ಬೇಕು. ತಮಿಳಿನಲ್ಲಿ, ಮಲಯಾಳದಲ್ಲಿ ‘ನೀ’ ಎಂಬುದೇ ಪೂರ್ಣ ಸರ್ವನಾಮ. ಮೂಲದ್ರಾವಿಡ ರೂಪ ನಕಾರಾಂತವೆಂದು ಪುನಾರಚಿಸುವ ಭದ್ರಿರಾಜು ಕೃಷ್ಣಮೂರ್ತಿಯವರ ಮತವನ್ನು ಒಪ್ಪಿದರೆ ಪದಾಂತ್ಯವನ್ನು ಕಳೆದುಕೊಂಡದ್ದು ತಮಿಳು, ಉಳಿಸಿಕೊಂಡದ್ದು ಕನ್ನಡ. ಆದರೂ ತಮಿಳು ವೈಯಾಕರಣರು ತಮ್ಮ ‘ನೀ’ಯನ್ನು ಲೋಪವೆಂದು ವಿವರಿಸಲಿಲ್ಲ, ವಿವರಿಸಬೇಕಾಗಿಯೂ ಇರಲಿಲ್ಲ.

ಛಂದಸ್ಸಿನ ಕಾವಲು ಇಲ್ಲದ ಕಡೆ ಏನಾಗುತ್ತದೆಂಬ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. ನಮ್ಮ ಸಾಹಿತ್ಯದ ಎರಡು ಮಹತ್ವದ ಗದ್ಯಪರಂಪರೆಗಳು ಇಲ್ಲಿ ಬರುತ್ತವೆ. ಡಿ.ಎಲ್. ನರಸಿಂಹಾಚಾರ್ಯರೇ ೧೯೪೯ರಲ್ಲಿ ಪ್ರಕಟಿಸಿದ ‘ವಡ್ಡಾರಾಧನೆ’ ಒಂದು; ವಚನಸಾಹಿತ್ಯ ಇನ್ನೊಂದು. ಹಳಗನ್ನಡ ಗದ್ಯದಲ್ಲಿ ಪಾಠವು ಸಂದಿಗ್ಧವಾದಾಗ ಸಂಪಾದಕರಿಗೆ ‘ಶಬ್ದಮಣಿದರ್ಪಣ’ದ ನೆರವಾ‌ದರೂ ಉಂಟು. ಈ ನೆರವಿನಲ್ಲಿ ಒಂದು ಅಪಾಯವೂ ಅಡಗಿದೆ: ಕೇಶಿರಾಜನನ್ನು ಅನುಸರಿಸಿ ಪಾಠವನ್ನು ನೇರ್ಪಡಿಸಿ, ಆ ಪಾಠದಿಂದಲೇ ಕೇಶಿರಾಜನ ಸೂತ್ರಕ್ಕೆ ಪ್ರಯೋಗವನ್ನು ಎತ್ತಿಕೊಟ್ಟರೆ ವಾದ ಸುತ್ತಿಕೊಂಡು ಹೊರಟಲ್ಲಿಗೇ ಬರುತ್ತದೆ. ವಚನಗಳಿಗಾದರೋ ಛಂದಸ್ಸೂ ಇಲ್ಲ, ಅವುಗಳ ಭಾಷೆಯನ್ನು ಲಕ್ಷಿಸಿ ಬರೆದ ಸಮಕಾಲೀನ ವ್ಯಾಕರಣವೂ ಇಲ್ಲ. ೧೨ನೆಯ ಶತಮಾನದಲ್ಲಿ ಹುಟ್ಟಿದ ಈ ರಚನೆಗಳು ನಮಗೆ ದೊರೆತಿರುವುದು ಬಹುಮಟ್ಟಿಗೆ ೧೫ನೆಯ ಶತಮಾನ ಮತ್ತು ಅನಂತರದ ಓಲೆಪ್ರತಿಗಳಲ್ಲಿ. ನಡುವಿನ ಮುನ್ನೂರು ವರ್ಷಗಳಲ್ಲಿಯೇ ಕನ್ನಡದ ಪದಾಂತ್ಯ ಅತ್ಯಂತ ಚಂಚಲವಾಗಿತ್ತು. ಬಸವಣ್ಣನವರೋ ಅಲ್ಲಮನೋ ಅಕ್ಕನೋ ಒಂದು ಮಾತನ್ನು ವ್ಯಂಜನದಲ್ಲಿ ನಿಲ್ಲಿಸಿದರೋ ಉಕಾರದಲ್ಲಿ ಬಿಟ್ಟರೋ ಎಂಬುದಕ್ಕೆ ಓಲೆಯ ಅಕ್ಷರ ಸಾಕ್ಷಿಯಾಗಲಾರದು. ಅದು ಸಾಕ್ಷಿ ನುಡಿಯುವುದು ಬರೆದವನ ಕಾಲದ ನುಡಿಗೆ.

ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ೧೯೨೩ರಲ್ಲಿ ಬಂದಂದಿನಿಂದ, ೧೯೯೩ರಲ್ಲಿ ೧೫ ಸಂಪುಟಗಳಾಗಿ ಸಮಗ್ರ ವಚನಸಾಹಿತ್ಯ ಹೊರಬರುವವರೆಗೆ ನಡೆದ ಕಾರ್ಯದ ಹಿರಿಮೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಓದುಗರೆಲ್ಲರಿಗೂ ಎಟುಕಬೇಕೆಂಬ ಉದ್ದೇಶದ ಆವೃತ್ತಿಯಲ್ಲಿ ಪ್ರತಿಯೊಂದು ‘ನ’ ಮತ್ತು ‘ನು’ವಿನ ಪಾಠಾಂತರವನ್ನು ನಿರೀಕ್ಷಿಸುವುದೂ ಸಲ್ಲ. ತೊಡಕಿರುವುದು ಆ ಪಾಠಗಳನ್ನು ಆಧರಿಸಿದ ವಿಮರ್ಶೆಯಲ್ಲಿ. ದ್ವಿತೀಯಾ ವಿಭಕ್ತಿಯಲ್ಲಿ ‘ಲಿಂಗವ’, ‘ಕಾಯವ’ ಎಂಬಂಥ ಅಕಾರಾಂತ ರೂಪಗಳನ್ನು ಎತ್ತಿ ತೋರಿಸಿ, ಪಂಡಿತರ ಬಿಂದುವನ್ನು ತೊರೆದ ಜನಸಾಮಾನ್ಯರ ಭಾಷೆ ಇದು, ಪದಾಂತ್ಯವನ್ನು ಕಳಚಿದ್ದರಲ್ಲಿಯೇ ಒಂದು ಪ್ರತಿಭಟನೆ ಇದೆ ಎಂಬ ಧಾಟಿಯ ವಾದಗಳು ವಿಚಾರಗೋಷ್ಠಿಗಳಲ್ಲಿ ಅಪರೂಪವಲ್ಲ. ಶರಣರು ಜನರ ನುಡಿಯನ್ನು ಆರಿಸಿಕೊಂಡರೆಂಬ ಮಾತು ಸತ್ಯವೇ ಆದರೂ ಅದಕ್ಕೆ ಈ ಆಧಾರ ನಿಲ್ಲುವುದಿಲ್ಲ. ಅದೇ ಅಕಾರಾಂತವನ್ನು ಷಟ್ಪದಿಯ ವಿದ್ವತ್ಕವಿಗಳೂ ಯಥೇಚ್ಛವಾಗಿ ಬಳಸಿದ್ದಾರೆ. ಅದು ಆ ಕಾಲದ ಬರಹದ ಸಾಮಾನ್ಯ ಸಂಪತ್ತು. ಯಾವುದೋ ಒಂದು ವರ್ಗದ ಗುರುತಲ್ಲ. ವಚನಗಳ ಜನಪರತೆಯನ್ನು ಅವುಗಳ ವಾಕ್ಯರಚನೆಯಲ್ಲಿ, ಎದುರಿಗಿರುವವನನ್ನು ಕರೆದು ನುಡಿಯುವ ಬಗೆಯಲ್ಲಿ, ಕಾಯಕದ ಪದಕೋಶದಲ್ಲಿ ಹುಡುಕಿದರೆ ಗಟ್ಟಿಯಾದ ಆಧಾರಗಳು ಸಿಗುತ್ತವೆ. ಪದಾಂತ್ಯದ ವಿಷಯದಲ್ಲಿ ಆಗಬೇಕಾದ ಕೆಲಸ ಬೇರೆಯದು. ೧೨ನೆಯ ಶತಮಾನದ ಕಾಲಖಚಿತವಾದ ಶಾಸನಗಳ ರೂಪಗಳನ್ನು ಒಂದೆಡೆ, ಓಲೆಪ್ರತಿಗಳ ರೂಪಗಳನ್ನು ಅವುಗಳ ಕಾಲಾನುಕ್ರಮದಲ್ಲಿ ಇನ್ನೊಂದೆಡೆ ಇಟ್ಟು ಹೋಲಿಸಬೇಕು. ಶಾಸನದ ಗದ್ಯ ಔಪಚಾರಿಕವಾದದ್ದು, ಆಡುಮಾತಿಗಿಂತ ಹಿಂದುಳಿದು ಬರೆಯುವಂಥದು ಎಂಬ ರಿಯಾಯಿತಿಯನ್ನೂ ಕೊಡಬೇಕಾದೀತು.

ಇಲ್ಲಿ ಲಿಪಿಯ ಬಗ್ಗೆ ಒಂದು ಮಾತು. ನಮ್ಮ ಲಿಪಿಯಲ್ಲಿ ಪ್ರತಿ ವ್ಯಂಜನಾಕ್ಷರವೂ ಅಕಾರವನ್ನು ಹೊತ್ತೇ ಇರುತ್ತದೆ. ಸ್ವರವನ್ನು ತೆಗೆಯಬೇಕಾದರೆ ಒಂದು ಚಿಹ್ನೆಯನ್ನು ಹೆಚ್ಚಾಗಿ ಬರೆಯಬೇಕು. ನುಡಿಯಲ್ಲಿ ಕಡಿಮೆಯಾದದ್ದು ಬರಹದಲ್ಲಿ ಹೆಚ್ಚಾಗಿ ಕಾಣುತ್ತದೆ. ಪದಾಂತ್ಯದ ಸ್ವರರಹಿತ ನಕಾರಕ್ಕೆ ಹಳೆಯ ಬರಹದಲ್ಲಿ ಪ್ರತ್ಯೇಕ ಅಕ್ಷರರೂಪವೇ ಇತ್ತು. ನಕಾರಪೊಲ್ಲು ಎಂಬ ಆ ಅಕ್ಷರಕ್ಕೆ ಯೂನಿಕೋಡ್ ತನ್ನ ೧೪ನೆಯ ಆವೃತ್ತಿಯಲ್ಲಿ, ೨೦೨೧ರಲ್ಲಿ, ಸ್ಥಾನ ಕೊಟ್ಟಿತು. ಪ್ರಾಚೀನ ಪಾಠಗಳನ್ನು ಗಣಕಕ್ಕೆ ಏರಿಸುವವರು ಅದನ್ನು ಸಾಮಾನ್ಯ ‘ನ್’ ಎಂದಾಗಲಿ, ಬಿಂದುವೆಂದಾಗಲಿ ಮಾರ್ಪಡಿಸದೆ ಇದ್ದದ್ದು ಇದ್ದಂತೆ ದಾಖಲಿಸುವುದು ಈಗ ಸಾಧ್ಯವಾಗಿದೆ.

ಆಧುನಿಕ ಸಾಹಿತ್ಯಕ್ಕೆ ಬಂದರೆ ಲೋಪದ ಕಲ್ಪನೆ ಇನ್ನೊಂದು ರೀತಿಯಲ್ಲಿ ಅಡ್ಡಬರುತ್ತದೆ. ೧೯೩೦ರ ದಶಕದಲ್ಲಿ ಜಿ.ಪಿ. ರಾಜರತ್ನಂ ಅವರು ಸೃಷ್ಟಿಸಿದ ಯೆಂಡ್ಕುಡುಕ ರತ್ನನ ಹೆಸರಿನಲ್ಲಿಯೇ ಎರಡು ಬದಲಾವಣೆಗಳಿವೆ. ‘ಹೆಂಡ’ದ ಹಕಾರ ಯಕಾರವಾಗಿದೆ, ಪೂರ್ವಪದದ ಕೊನೆಯ ಅಕಾರ ಹೋಗಿದೆ. ಮೊದಲನೆಯದು ರತ್ನನ ವರ್ಗವನ್ನು ಸೂಚಿಸುವ ಬಣ್ಣ. ಎರಡನೆಯದು ಹಾಗಲ್ಲ, ಅದು ತಾಳವನ್ನೇ ಬದಲಿಸುತ್ತದೆ: ಆರು ಮಾತ್ರೆಗಳ ‘ಹೆಂಡಕುಡುಕ’ ಐದು ಮಾತ್ರೆಗಳಿಗೆ ಇಳಿದು, ಒತ್ತಕ್ಷರದ ಮೇಲೆ ನಾಲಗೆ ಎಡವಿ ಮುಂದೆ ಹಾರುತ್ತದೆ. ಕುಡಿದವನ ಮಾತು ತೊದಲುವುದನ್ನು ರಾಜರತ್ನಂ ಹೀಗೆ ಅನುಕರಿಸಿದರೆಂದು ವಿವರಿಸುವುದುಂಟು. ಕುಡಿಯದ ಒಕ್ಕಲಿಗನೂ ಕೂಲಿಯವನೂ ಹಳೆಯ ಮೈಸೂರಿನಲ್ಲಿ ಹಾಗೆಯೇ ಮಾತನಾಡುತ್ತಾರೆಂಬುದನ್ನು ಈ ವಿವರಣೆ ಮರೆತಿದೆ. ಸ್ವರ ಬಿಡುವುದು ಅಮಲಿನ ಲಕ್ಷಣವಲ್ಲ, ಆ ನುಡಿಯ ಲಯ. ಹಾಗೆಂದು ಎಲ್ಲ ಕವಿಗಳೂ ತಮ್ಮ ಊರಿನ ಮಾತಿನ ಪದಾಂತ್ಯಕ್ಕೆ ಸದಾ ನಿಷ್ಠರಲ್ಲ. ೧೯೬೪ರ ‘ನಾಕುತಂತಿ’ಯ ಹೆಸರಿನಲ್ಲಿ ಬೇಂದ್ರೆಯವರು ‘ನಾಲ್ಕು’ ಎಂಬುದರ ನಡುವಿನ ಲಕಾರವನ್ನು ಧಾರವಾಡದ ರೀತಿಯಲ್ಲಿ ಕೈಬಿಟ್ಟಿದ್ದಾರೆ. ಆದರೆ ಆ ಕವನದ ನಾಲ್ಕು ಸರ್ವನಾಮಗಳು ‘ನು’ ಸಹಿತವಾಗಿ ಪೂರ್ಣರೂಪದಲ್ಲಿವೆ. ಆಡುಮಾತಿನಲ್ಲಿ ಹೇರಳವಾದ ‘ನಾ’, ‘ನೀ’ಗಳನ್ನು ಇಟ್ಟಿದ್ದರೆ ನಾಲ್ಕೂ ಒಂದೇ ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ. ಬೇಂದ್ರೆಯವರದು ಧಾರವಾಡದ ಆಡುಮಾತು ಎಂಬ ಒಂದೇ ಸಾಲಿನ ತೀರ್ಮಾನ ಇಂಥ ಕಡೆ ನಿಷ್ಪ್ರಯೋಜಕವಾಗುತ್ತದೆ.

ದೇವನೂರ ಮಹಾದೇವರ ‘ಕುಸುಮಬಾಲೆ’ ೧೯೮೪ರಲ್ಲಿ ಪ್ರಕಟವಾದಾಗ ಅದರ ಭಾಷೆ ಕಷ್ಟವೆಂಬ ದೂರು ವ್ಯಾಪಕವಾಗಿತ್ತು. ನಂಜನಗೂಡು ಸೀಮೆಯ ನುಡಿಯಲ್ಲಿ ಪದಾಂತ್ಯಗಳು ಮುಂದಿನ ಪದದೊಳಗೆ ಕರಗುತ್ತವೆ; ಕಣ್ಣಿನಿಂದ ಓದುವವರು ಪ್ರತಿ ಪದಕ್ಕೂ ಬಿಟ್ಟುಹೋದ ಕೊನೆಯನ್ನು ಮನಸ್ಸಿನಲ್ಲಿ ಸೇರಿಸಿಕೊಳ್ಳುತ್ತ ಬರುವುದರಿಂದ ದಣಿಯುತ್ತಾರೆ. ಅಂದರೆ ಅವರು ಓದುತ್ತಿರುವುದು ‘ಕುಸುಮಬಾಲೆ’ಯನ್ನಲ್ಲ, ಅದರಿಂದ ತಾವು ಮನಸ್ಸಿನಲ್ಲೇ ಮರಳಿ ಕಟ್ಟಿದ ಶಿಷ್ಟಕನ್ನಡದ ಪಠ್ಯವೊಂದನ್ನು. ಆ ಕಟ್ಟಾಣಿಕೆಯನ್ನು ಬದಿಗಿಟ್ಟು ಗಟ್ಟಿಯಾಗಿ ಓದಿದರೆ ಪದವಲ್ಲ, ಉಸಿರೇ ಅಲ್ಲಿನ ಘಟಕವೆಂದು ಸ್ಪಷ್ಟವಾಗುತ್ತದೆ. ಭಾಷೆ ದುರ್ಗಮವೆಂಬ ತೀರ್ಪಿನ ಹಿಂದೆ, ಬರಹದ ರೂಪವೇ ಇಡಿಯದು, ನುಡಿಯ ರೂಪ ಅದರ ತುಂಡು ಎಂಬ ಪೂರ್ವಗ್ರಹ ಎಷ್ಟರಮಟ್ಟಿಗೆ ಕೆಲಸ ಮಾಡಿದೆಯೆಂಬುದನ್ನು ಆ ಕೃತಿಯ ಮೇಲಿನ ವಿಮರ್ಶೆ ಇನ್ನೂ ಸರಿಯಾಗಿ ಎದುರಿಸಿಲ್ಲ.

ಪದಾಂತ್ಯಲೋಪವೆಂಬ ಹೆಸರಿಗೆ ನಿಸ್ಸಂದೇಹವಾಗಿ ಅರ್ಹವಾದ ಒಂದು ಪ್ರಕ್ರಿಯೆ ನಮ್ಮ ಕಾಲದಲ್ಲಿ ನಡೆಯುತ್ತಿದೆ. ವಿದ್ವಾಂಸರು ಅದಕ್ಕೆ ಹೆಚ್ಚು ಗಮನ ಕೊಟ್ಟಿಲ್ಲ. ಗಂಡಸರ ಹೆಸರುಗಳಲ್ಲಿ ಸಂಸ್ಕೃತದ ಅಕಾರಾಂತ ಕಳಚುತ್ತಿದೆ. ಸುರೇಶ, ಪ್ರಕಾಶ, ಅಶೋಕ ಎಂಬವು ಸುರೇಶ್, ಪ್ರಕಾಶ್, ಅಶೋಕ್ ಆಗಿವೆ. ಅಡ್ಡಹೆಸರುಗಳಲ್ಲಿ ಭಟ್ಟ ‘ಭಟ್’ ಆಗಿದೆ. ಅಲ್ಲಿ ಇಮ್ಮಡಿ ವ್ಯಂಜನವೂ ಒಂಟಿಯಾಗಿದೆ. ಹಿಂದಿಯ ಉಚ್ಚಾರಣೆ ಮತ್ತು ಇಂಗ್ಲಿಷಿನ ಬರವಣಿಗೆ ಇದಕ್ಕೆ ಪ್ರೇರಣೆಗಳೆಂಬುದು ಸ್ಪಷ್ಟ. ಆದರೆ ಅನುಕರಣೆ ಎಂದಷ್ಟೇ ಹೇಳಿ ಮುಗಿಸುವಂತಿಲ್ಲ. ಕನ್ನಡದಲ್ಲಿ ಪುಲ್ಲಿಂಗದ ಅಕಾರಾಂತ ನಾಮಪದ ‘ಅವನು’ ಎಂಬ ಏಕವಚನದ ಸಲಿಗೆಯನ್ನು ಎಳೆದುತರುತ್ತದೆ. ‘ಸುರೇಶ ಬಂದ’ ಎಂದರೆ ಕಿರಿಯನೋ ಗೆಳೆಯನೋ ಬಂದಂತೆ. ಸಹೋದ್ಯೋಗಿಯನ್ನು ಕುರಿತು ಹೇಳುವಾಗ ‘ಸುರೇಶ್ ಬಂದರು’ ಎಂಬುದೇ ನಾಲಗೆಗೆ ಬರುತ್ತದೆ. ಹಳೆಯ ತಲೆಮಾರಿನಲ್ಲಿ ‘ಅಯ್ಯ’, ‘ಅಪ್ಪ’, ‘ಅಣ್ಣ’, ‘ರಾಯರು’ ಎಂಬ ಸೇರಿಕೆಗಳು ನಿರ್ವಹಿಸುತ್ತಿದ್ದ ಗೌರವದ ಹೊರೆಯನ್ನು ಈಗ ಒಂದು ಸ್ವರದ ಗೈರುಹಾಜರಿ ಭಾಗಶಃ ಹೊತ್ತಿದೆ. ಕಳೆದುಕೊಳ್ಳುವುದರಿಂದ ಭಾಷೆ ಒಂದು ಹೊಸ ಭೇದವನ್ನು ಪಡೆದ ಉದಾಹರಣೆ ಇದು.

ವಿಭಕ್ತಿ ಸೇರಿದಾಗ ಸ್ವಾರಸ್ಯ ಇನ್ನೂ ಹೆಚ್ಚುತ್ತದೆ. ‘ಸುರೇಶನಿಗೆ’ ಮತ್ತು ‘ಸುರೇಶ್‌ಗೆ’ ಎರಡೂ ಬಳಕೆಯಲ್ಲಿವೆ, ಅರ್ಥ ಒಂದೇ, ದೂರ ಬೇರೆ. ಮೊದಲನೆಯದರಲ್ಲಿ ಕಳಚಿದ ಅಕಾರ ನಕಾರವನ್ನೂ ಕರೆದುಕೊಂಡು ಮರಳಿದೆ. ಎರಡನೆಯದರಲ್ಲಿ ಹೆಸರು ‘ಕಾರ್‌ಗೆ’, ‘ಫೋನ್‌ಗೆ’ ಎಂಬ ಪರಭಾಷಾಪದಗಳ ಸಾಲಿಗೆ ಸೇರಿದೆ. ಮುತ್ತುರಾಜು ಎಂಬ ಹೆಸರಿನ ನಟರು ೧೯೫೪ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜ್‌ಕುಮಾರ್ ಆಗಿ ಪ್ರಸಿದ್ಧರಾದರು. ಮೊದಲ ಹೆಸರಿನ ಉಕಾರವೂ ಎರಡನೆಯ ಹೆಸರಿನ ವ್ಯಂಜನಾಂತವೂ ಒಂದೇ ‘ರಾಜ’ ಶಬ್ದ ಹಿಡಿದ ಎರಡು ದಾರಿಗಳು. ಜನ ಅವರನ್ನು ಪ್ರೀತಿಯಿಂದ ಕರೆದದ್ದು ರಾಜಣ್ಣ ಎಂದು. ಆ ರೂಪ ‘ರಾಜ’ ಮತ್ತು ‘ಅಣ್ಣ’ ಸೇರಿ ಅಕಾರ ಲೋಪವಾದದ್ದೋ, ‘ರಾಜ್’ ಎಂಬುದಕ್ಕೆ ‘ಅಣ್ಣ’ ನೇರವಾಗಿ ಕೂಡಿಕೊಂಡದ್ದೋ ಎಂಬುದನ್ನು ಪದವನ್ನು ಮಾತ್ರ ನೋಡಿ ಹೇಳಲು ಬರುವುದಿಲ್ಲ. ಕರೆಯುವವನು ಮುಂದಿನ ವಾಕ್ಯದಲ್ಲಿ ‘ರಾಜನಿಗೆ’ ಎನ್ನುತ್ತಾನೋ ‘ರಾಜ್‌ಗೆ’ ಎನ್ನುತ್ತಾನೋ ಕೇಳಿಸಿಕೊಳ್ಳಬೇಕಾಗುತ್ತದೆ.